ಹಳೆ ಹಂಚಿನ ಮೇಲೆ ಮೊಬೈಲ್ ಮ್ಯಾಪಿನ ಪಿನ್: ಹೀಗೆ ಬರೆಯಿರಿ

ಉಡುಪಿ ಹತ್ತಿರದ ನಮ್ಮ ಅಜ್ಜಿಮನೆ ಕೆಡವಿದಾಗ ಆರು ಹಂಚು ಎತ್ತಿಟ್ಟುಕೊಂಡೆ. ಒಂದರ ಮೇಲೆ ಮೊಬೈಲ್ ಮ್ಯಾಪಿನ ಕೆಂಪು ಪಿನ್ ಬರೆದೆ. ನೋಡಿದವರು ತಾವೂ ಶುರು ಮಾಡಿದರು. ಹೆಚ್ಚಿನವರ ಬಣ್ಣ ಮೂರೇ ತಿಂಗಳಲ್ಲಿ ಹಕ್ಕಳೆ ಎದ್ದಿತು. ತಪ್ಪು ಒಂದೇ, ಹಂಚು ಒಣಗಿರಲಿಲ್ಲ.

ಮೊದಲು ಹಂಚನ್ನು ತಟ್ಟಿ ನೋಡಿ. ಟಣ್ ಅನ್ನಬೇಕು. ಬಿರುಕು ಬಿಟ್ಟಿದ್ದು ಬೇಡ.

ತೆಂಗಿನ ನಾರಿನಿಂದ ಬರೀ ನೀರಲ್ಲಿ ಪಾಚಿ ಉಜ್ಜಿ. ಬೇಗ ಹೋಗಲಿ ಅಂತ ಆಸಿಡ್ ಸುರಿಯಬೇಡಿ.

ಈಗ ಒಣಗಿಸುವುದು. ಹಂಚು ಸುಟ್ಟ ಮಣ್ಣು, ನೀರು ಕುಡಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಬಣ್ಣ ಬಳಿದ ಮೇಲೆ ಆ ತೇವ ಹೊರಗೆ ಬರುವಾಗ ಉಪ್ಪನ್ನೂ ತರುತ್ತದೆ. ಬಣ್ಣದಡಿ ಬಿಳಿ ಪುಡಿ ಕಂಡರೆ ಅದೇ. ಒಂದು ವಾರ ಬಿಸಿಲಿಗೆ ಓರೆಯಾಗಿ ನಿಲ್ಲಿಸಿ, ದಿನಾ ತಿರುಗಿಸಿ. ಆಮೇಲೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಬಿಸಿಲಲ್ಲೇ ಬಿಡಿ. ಸಂಜೆಗೆ ಹಾಳೆಯ ಒಳಗೆ ಬೆವರಿದ್ದರೆ ಇನ್ನೂ ಎರಡು ದಿನ ಕಾಯಿರಿ. ಹೇರ್ ಡ್ರೈಯರ್ ನಂಬಬೇಡಿ. ಮಳೆಗಾಲದಲ್ಲಂತೂ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಇನ್ನು ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಬಳಿಯುವ ಅಡಿಬಣ್ಣ. ಮೊದಲ ಕೋಟ್ ನೀರು ಬೆರೆಸಿ ತೆಳ್ಳಗೆ, ಎರಡನೆಯದು ನೀರು ಬೆರೆಸದೆ. ಹಿಂಬದಿಗೆ ಏನೂ ಬಳಿಯಬೇಡಿ. ತೇವಕ್ಕೆ ದಾರಿ ಬೇಕು, ಕಾರ್ಖಾನೆಯ ಅಚ್ಚೂ ಕಾಣಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಶುರು ಮಾಡಿದ ಹಂಚಿನ ಕಸುಬಿನ ಗುರುತು ಅದು, ಮುಚ್ಚಲು ಮನಸ್ಸು ಬರುತ್ತದಾ?

ಚಿತ್ರಕ್ಕೆ ಒಂದೊಂದು ಸೆಂಟಿಮೀಟರಿನ ಚೌಕ ಎಳೆಯಿರಿ, ಅಡ್ಡ 12, ಉದ್ದ 12. ಜಪಾನಿನ ಶಿಗೆತಾಕಾ ಕುರಿಟಾ ಎಂಬ ವಿನ್ಯಾಸಕಾರ 1999ರಲ್ಲಿ ಮಾಡಿದ 176 ಇಮೋಜಿಗಳೂ ಇಷ್ಟೇ ಚೌಕದಲ್ಲಿ ಹಿಡಿಸಿದ್ದವು. ಅಕ್ರಿಲಿಕ್ ಬಣ್ಣವೇ ಆಗಬೇಕು, ಪೋಸ್ಟರ್ ಬಣ್ಣ ನೀರು ತಾಗಿದರೆ ಇಳಿಯುತ್ತದೆ. ಎಲ್ಲರೂ ಬರೆಯುವ ಹಾರ್ಟ್ ಬಿಡಿ. ನಿಮ್ಮವರನ್ನು ನೆನಪಿಸುವ ಚಿಹ್ನೆ ಹುಡುಕಿ. ಅಮ್ಮನ ಫೋನಿನಲ್ಲಿ ಯಾವಾಗಲೂ ಕೆಂಪು ಬ್ಯಾಟರಿ. ನನ್ನ ಎರಡನೇ ಹಂಚಿನ ಮೇಲೆ ಅದೇ ಇದೆ.

ಪಿನ್ನಿನ ನಡುವಿನ ಚುಕ್ಕೆಗೆ ಪ್ರೈಮರ್‌ಗೂ ಮೊದಲೇ ಟೇಪ್ ಅಂಟಿಸಿದ್ದೆ. ಕೊನೆಗೆ ಕಿತ್ತಾಗ ಮಳೆಗೆ ಕಪ್ಪಾದ ಅಜ್ಜಿಮನೆ ಹಂಚು ಅಲ್ಲಿ ಹಾಗೇ ಕಂಡಿತು.

ಎರಡು ದಿನ ಬಿಟ್ಟು ಮ್ಯಾಟ್ ವಾರ್ನಿಷ್ ಹಚ್ಚಿ. ಹೊಳೆಯುವುದು ಬೇಡ, ಪಿಂಗಾಣಿ ತಟ್ಟೆ ಥರ ಕಾಣುತ್ತದೆ. ಗೋಡೆಗೆ ಹಾಕುವುದಾದರೆ ಒಂದೇ ಮೊಳೆ ಸಾಲದು. ಒಂದು ಹಂಚು ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ.