ಮಗನ ಜೇಬಿನಲ್ಲಿ ಪಾನ್ ಮಸಾಲಾ ಪ್ಯಾಕೆಟ್ ಸಿಕ್ಕರೆ

ಒಗೆಯಲು ತೆಗೆದ ಪ್ಯಾಂಟಿನ ಜೇಬಿನಲ್ಲಿ ಪಾನ್ ಮಸಾಲಾ ಪ್ಯಾಕೆಟ್ ಸಿಕ್ಕಿತು ಅನ್ನಿ. ಕೇಳಿದರೆ ಬರುವ ಉತ್ತರ ಒಂದೇ: ‘ಇದರಲ್ಲಿ ತಂಬಾಕಿಲ್ಲಮ್ಮ, ಬರೀ ಅಡಿಕೆ.’ ಅಷ್ಟಕ್ಕೆ ಸುಮ್ಮನಾಗಬೇಡಿ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಮಾರಾಟಕ್ಕೆ ಬಂದವು. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ತಂಬಾಕು ನಿಜವಾಗಿಯೂ ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ತೋಟ ನಂಬಿದ ಮನೆಯಲ್ಲಿ ಈ ಮಾತು ಆಡುವುದು ಕಷ್ಟ. ಆದರೂ ಮಕ್ಕಳಿಗೆ ಹೇಳಲೇಬೇಕು.

ಗದರುವ ಮುಂಚೆ ಬಾಯಿ ನೋಡಿ. ಬೆಳಕಿಗೆ ಕೂರಿಸಿ, ಪೂರ್ತಿ ಬಾಯಿ ತೆರೆಸಿ, ಅವನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ಎರಡೇ ಹಿಡಿದರೆ ಕೆನ್ನೆಯ ಒಳಪದರ ನಾರುಗಟ್ಟುತ್ತಿರಬಹುದು. ಅದಕ್ಕೂ ಮೊದಲೇ ಕಾಣುವ ಸೂಚನೆ ಊಟದ್ದು: ಎಂದಿನ ಸಾರೇ ಬಾಯಿ ಉರಿಸುತ್ತದೆ ಅನ್ನುತ್ತಾನೆ. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಒಮ್ಮೆ ನಾರುಗಟ್ಟಿದ ಬಾಯಿ, ಅಡಿಕೆ ಬಿಟ್ಟ ಮೇಲೂ ಪೂರ್ತಿ ಮೊದಲಿನಂತಾಗುವುದು ಅಪರೂಪ.

ಬಿಡಿಸಲು ಪರೀಕ್ಷೆಯ ವಾರ ಬೇಡ. ‘ಯಾಕೆ ಹಾಕಿಕೊಂಡೆ’ ಅನ್ನುವುದಕ್ಕಿಂತ ‘ಯಾವ ಹೊತ್ತಿಗೆ, ಯಾರ ಜೊತೆ’ ಎಂದು ಕೇಳಿ. ಟ್ಯೂಷನ್ ದಾರಿಯೋ, ಆಟದ ಮೈದಾನವೋ ಗೊತ್ತಾದರೆ ಆ ಹೊತ್ತಿಗೆ ಬೇರೆ ಕೆಲಸ ಹೂಡಬಹುದು. ತಂಬಾಕೂ ಇದ್ದರೆ ಮೊದಲ ಮೂರು–ನಾಲ್ಕು ದಿನ ಸಿಡುಕು, ತಲೆನೋವು, ನಿದ್ದೆಗೇಡು ಹೆಚ್ಚು. ಆಗ ಜಗಳ ತೆಗೆಯಬೇಡಿ. ಚಟದ ತುಡಿತ ಸಾಮಾನ್ಯವಾಗಿ ಐದು–ಹತ್ತು ನಿಮಿಷಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ನೀರು ಗುಟುಕರಿಸಲಿ, ಸೋಂಪು ಅಗಿಯಲಿ, ಹಲ್ಲುಜ್ಜಲಿ. ಬದಲಿಗೆಂದು ಸಿಹಿ ಅಡಿಕೆ ಕೊಡುವ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ನಿಕೋಟಿನ್ ಗಮ್ಮನ್ನು ವೈದ್ಯರು ಹೇಳದೆ ಕೊಡಬೇಡಿ. ಎಲೆ-ಅಡಿಕೆ ತರಲು ಅವನನ್ನೇ ಅಂಗಡಿಗೆ ಕಳಿಸುವುದನ್ನೂ ನಿಲ್ಲಿಸಿ.

ತಂಬಾಕು ಬಿಡಲು ಉಚಿತ ಸಲಹೆಗೆ 1800-11-2356, ಮನಸ್ಸಿನ ತೊಳಲಾಟಕ್ಕೆ ಟೆಲಿ-ಮಾನಸ್ 14416. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವುದು ಕಾನೂನುಬಾಹಿರ. ಅಂಥ ಅಂಗಡಿಯಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಲಿಖಿತ ದೂರು ಕೊಡಿಸಿ.

ನಡುವೆ ಒಂದು ದಿನ ಮತ್ತೆ ಹಾಕಿಕೊಂಡನೆಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಅಂದು ಏನಾಯಿತೆಂದು ಕೇಳಿ, ಮರುದಿನದಿಂದಲೇ ಬಿಟ್ಟ ದಿನಗಳ ಎಣಿಕೆ ಮುಂದುವರಿಸಿ. ಮೂರು ಬೆರಳಿನ ಪರೀಕ್ಷೆ ತಿಂಗಳಿಗೊಮ್ಮೆ ನಡೆಯಲಿ.