ಕಿವಿಯಿಂದ ಓದುವಾಗ ಎಲ್ಲಿ ನಿಲ್ಲಿಸಬೇಕು?

ಅಚ್ಚಾದ ಪುಟದ ಮೇಲೆ ಕಣ್ಣು ನೇರವಾಗಿ ಮುಂದಕ್ಕೇ ಸಾಗುವುದಿಲ್ಲ. ನುರಿತ ಓದುಗರಲ್ಲೂ ಕಣ್ಣಿನ ಚಲನೆಗಳಲ್ಲಿ ಶೇಕಡ 10ರಿಂದ 15ರಷ್ಟು ಹಿಂದಕ್ಕೆ ಹೊರಳುವಂಥವು ಎಂದು ಓದಿನ ಬಗೆಗಿನ ಸಂಶೋಧನೆ ಹೇಳುತ್ತದೆ. ತೊಡಕಿನ ವಾಕ್ಯ ಬಂದರೆ ಕಣ್ಣು ತಾನಾಗಿ ತಡೆಯುತ್ತದೆ, ಹಿಂದಿನ ಸಾಲಿಗೆ ಹೋಗಿ ಬರುತ್ತದೆ. ಹಾಗೆ ಆಗಿದ್ದು ನಮಗೆ ಗೊತ್ತೂ ಆಗುವುದಿಲ್ಲ. ಆಡಿಯೊಬುಕ್‌ನಲ್ಲಿ ಈ ಅನುಕೂಲ ಇಲ್ಲ. ಓದುವ ದನಿ ನಿಮಗೆ ಅರ್ಥವಾಯಿತೇ ಎಂದು ಕಾಯುವುದಿಲ್ಲ.

ಕಾದಂಬರಿಯಲ್ಲಿ ಎರಡು ವಾಕ್ಯ ತಪ್ಪಿಹೋದರೂ ಕಥೆಯ ಎಳೆ ಮತ್ತೆ ಸಿಗುತ್ತದೆ. ವ್ಯವಹಾರ, ಇತಿಹಾಸ, ಜೀವನಚರಿತ್ರೆ, ಮನವೊಲಿಕೆಯ ಕಲೆ, ಈ ಬಗೆಯ ಪುಸ್ತಕಗಳಲ್ಲಿ ಹಾಗಲ್ಲ. ಒಂದು ಇಸವಿ, ಒಂದು ‘ಆದರೆ’, ಒಂದು ಷರತ್ತು ಕಿವಿತಪ್ಪಿದರೆ ಲೇಖಕರು ಹೇಳಿದ್ದಕ್ಕೆ ತದ್ವಿರುದ್ಧವಾದದ್ದನ್ನೇ ನಾವು ನಂಬಿಕೊಂಡು ಹೋಗಬಹುದು. ಕಣ್ಣು ತಾನಾಗಿ ಮಾಡುವ ಕೆಲಸವನ್ನು ಇಲ್ಲಿ ಬೆರಳಿನಿಂದ ಮಾಡಬೇಕು: ದನಿಯನ್ನು ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು ಎಂಬುದು ಪುಸ್ತಕದ ಬಗೆಗೆ ತಕ್ಕಂತೆ ಬದಲಾಗುತ್ತದೆ.

ಕೇಳಿದ್ದು ತಲೆಯಲ್ಲಿ ಉಳಿಯುವುದೇ ಇಲ್ಲ ಎಂಬ ಅನುಮಾನ ಕೆಲವರಿಗಿದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೆಲವರಿಗೆ ಕೇಳಿಸಿದರು, ಕೆಲವರಿಗೆ ಓದಲು ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ ಒಟ್ಟಿಗೆ ಕೊಟ್ಟರು. ಅರ್ಥಮಾಡಿಕೊಂಡದ್ದರಲ್ಲಾಗಲಿ, ಎರಡು ವಾರದ ಬಳಿಕ ನೆನಪಿನಲ್ಲಿ ಉಳಿದದ್ದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 2010ರ ಇನ್ನೊಂದು ಅಧ್ಯಯನದಲ್ಲಿ ಪಾಠದ ಲೇಖನವನ್ನು ಪಾಡ್‌ಕಾಸ್ಟ್ ರೂಪದಲ್ಲಿ ಕೇಳಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಓದಿದವರಿಗಿಂತ ಹಿಂದೆ ಬಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕಥನದ ಗುಣವಿರುವ ಬರಹ ಕಿವಿಗೆ ಸಲೀಸು, ವಿಷಯ ಒತ್ತಾಗಿ ತುಂಬಿರುವ ಬರಹಕ್ಕೆ ಕೇಳುಗನ ನೆರವು ಬೇಕು.

ಪುಸ್ತಕ ಆರಿಸುವಾಗ

ಮೊದಲು ನೋಡಬೇಕಾದದ್ದು ಪೂರ್ಣಪಾಠವೋ ಸಂಕ್ಷಿಪ್ತ ಆವೃತ್ತಿಯೋ ಎಂಬುದನ್ನು. ಕ್ಯಾಸೆಟ್ ಕಾಲದಲ್ಲಿ ದಪ್ಪ ಪುಸ್ತಕವನ್ನು ಇಡಿಯಾಗಿ ತುಂಬಿಸಲು ಹಲವು ಕ್ಯಾಸೆಟ್ ಬೇಕಾಗುತ್ತಿದ್ದವು, ಆದ್ದರಿಂದ ಕತ್ತರಿಸಿದ ಆವೃತ್ತಿಗಳು ಬಹಳ ಬಂದವು. ಅವುಗಳಲ್ಲಿ ಕೆಲವು ಈಗಲೂ ಮಾರಾಟದಲ್ಲಿವೆ. ಇತಿಹಾಸ ಮತ್ತು ಜೀವನಚರಿತ್ರೆಯಲ್ಲಿ ಸಂಕ್ಷಿಪ್ತ ಆವೃತ್ತಿಯ ಗೊಡವೆಗೆ ಹೋಗಬೇಡಿ, ಅಲ್ಲಿ ಮೊದಲು ಕತ್ತರಿ ಬೀಳುವುದು ಸಾಕ್ಷ್ಯಕ್ಕೇ.

ಬಳಿಕ ಮಾದರಿ ತುಣುಕು ಕೇಳಿ. ದನಿ ಇಂಪಾಗಿದೆಯೇ ಎಂಬುದು ಆಮೇಲಿನ ಮಾತು. ಅಪರಿಚಿತ ಹೆಸರುಗಳನ್ನು ತಡವರಿಸದೆ ಹೇಳುತ್ತಾರೆಯೇ, ಅಂಕಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆಯೇ, ಲೇಖಕರ ಮಾತು ಮುಗಿದು ಬೇರೆಯವರ ಪತ್ರದ ಸಾಲು ಶುರುವಾದದ್ದು ದನಿಯಲ್ಲೇ ತಿಳಿಯುತ್ತದೆಯೇ ಎಂದು ಗಮನಿಸಿ. ಈ ಮೂರನೆಯದು ಯಂತ್ರದನಿಯಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಚಿಕ್ಕ ವ್ಯವಹಾರ ಪುಸ್ತಕಕ್ಕೆ ಯಂತ್ರದನಿ ನಡೆದೀತು. ಪತ್ರ, ದಿನಚರಿ, ಸಂಭಾಷಣೆ ತುಂಬಿರುವ ಜೀವನಚರಿತ್ರೆಗೆ ಮನುಷ್ಯರ ದನಿಯೇ ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹಕ್ಕುಸ್ವಾಮ್ಯ ಮುಗಿದ ಹಳೆಯ ಇತಿಹಾಸ, ಜೀವನಚರಿತ್ರೆಗಳು ಬೇಕಿದ್ದರೆ 2005ರಲ್ಲಿ ಶುರುವಾದ ಲಿಬ್ರಿವಾಕ್ಸ್ ಇದೆ. ಸ್ವಯಂಸೇವಕರು ಓದಿ ಉಚಿತವಾಗಿ ಕೊಡುವ ಪುಸ್ತಕಗಳು ಅವು. ಕೆಲವದರಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ದನಿ ಇರುತ್ತದೆ, ಮೊದಲ ಅಧ್ಯಾಯ ಕೇಳಿ ಇಡೀ ಪುಸ್ತಕವನ್ನು ಅಳೆಯಲಾಗದು.

ಶುರು ಮಾಡುವ ಮುನ್ನ ಹತ್ತು ನಿಮಿಷ

ಪರಿವಿಡಿಯನ್ನು ಕಣ್ಣಿನಿಂದ ಓದಿ. ನಕ್ಷೆ, ವಂಶವೃಕ್ಷ, ಕೋಷ್ಟಕಗಳಿರುವ ಪುಸ್ತಕಗಳ ಜೊತೆಗೆ ಎಷ್ಟೋ ಸಲ ಪಿಡಿಎಫ್ ಕೊಟ್ಟಿರುತ್ತಾರೆ. ಅದನ್ನು ಮೊದಲೇ ಇಳಿಸಿಕೊಂಡು ಒಮ್ಮೆ ಕಣ್ಣಾಡಿಸಿ. ಯುದ್ಧದ ಇತಿಹಾಸವನ್ನು ನಕ್ಷೆ ನೋಡದೆ ಕೇಳುವುದು ವ್ಯರ್ಥ ಶ್ರಮ.

ಜೊತೆಗೆ ಯಾವ ಕೆಲಸ ಮಾಡುತ್ತಾ ಕೇಳುತ್ತೀರಿ ಎಂದೂ ಈಗಲೇ ತೀರ್ಮಾನಿಸಿ. ಕೈಗೆ ರೂಢಿಯಾದ, ಮಾತು ಬೇಡದ ಕೆಲಸಗಳು ಒಳ್ಳೆಯವು: ಬಟ್ಟೆ ಮಡಿಸುವುದು, ಪಾತ್ರೆ ತೊಳೆಯುವುದು, ಪರಿಚಿತ ದಾರಿಯಲ್ಲಿ ನಡೆಯುವುದು. ಬರೆಯುವ, ಓದುವ, ಸಂದೇಶಕ್ಕೆ ಉತ್ತರಿಸುವ ಕೆಲಸದ ಜೊತೆ ಪುಸ್ತಕ ಹೊಂದುವುದಿಲ್ಲ, ಎರಡಕ್ಕೂ ಭಾಷೆಯೇ ಬೇಕು. ದಟ್ಟ ಸಂಚಾರದಲ್ಲಿ ವಾಹನ ಓಡಿಸುವಾಗ ಗಮನ ರಸ್ತೆಯ ಮೇಲಿರಬೇಕು, ಅಲ್ಲಿ ಪುಸ್ತಕ ಹಾಕದಿರುವುದೇ ಸರಿ. ಮಲಗುವಾಗ ಟೈಮರ್ ಇಟ್ಟು ಕೇಳುವವರು ಮರುದಿನ ಟೈಮರ್ ಶುರುವಾದ ಜಾಗಕ್ಕೇ ಹಿಂದಿರುಗಿ.

ವೇಗ ಮತ್ತು ದನಿಯ ಮಟ್ಟ

ಇಂಗ್ಲಿಷ್ ಆಡಿಯೊಬುಕ್‌ನ ಸಾಮಾನ್ಯ ಗತಿ ನಿಮಿಷಕ್ಕೆ ಸುಮಾರು 150 ಪದ, ಗಂಟೆಗೆ 9,000 ಪದ. 90,000 ಪದಗಳ ಪುಸ್ತಕಕ್ಕೆ 10 ಗಂಟೆ ಹಿಡಿಯುತ್ತದೆ. 1.25 ವೇಗದಲ್ಲಿ ಅದೇ 8 ಗಂಟೆ, 1.5ರಲ್ಲಿ 6 ಗಂಟೆ 40 ನಿಮಿಷ. ವಯಸ್ಕರು ಇಂಗ್ಲಿಷ್ ಕಥೇತರ ಬರಹವನ್ನು ಮನಸ್ಸಿನಲ್ಲೇ ಓದುವ ಸರಾಸರಿ ವೇಗ ನಿಮಿಷಕ್ಕೆ 238 ಪದ ಎಂಬ ಅಂದಾಜು 2019ರಲ್ಲಿ ಬಂತು. ಅಂದರೆ 1.5ರ ವೇಗ ಹೆಚ್ಚುಕಡಿಮೆ ಕಣ್ಣಿನ ಓದಿನ ವೇಗವೇ. ಹಾಗಾಗಿ ವೇಗ ಹೆಚ್ಚಿಸುವುದು ತಪ್ಪಲ್ಲ. ಆದರೆ ಕಣ್ಣಿನ ಸರಾಸರಿಯಲ್ಲಿ ತಡೆದು ನಿಂತ ಹೊತ್ತೂ ಸೇರಿದೆ ಎಂಬುದು ನೆನಪಿರಲಿ. ಮೊದಲ ಅಧ್ಯಾಯವನ್ನು ಸಹಜ ವೇಗದಲ್ಲಿ ಕೇಳಿ, ದನಿ ಪರಿಚಯವಾದ ಮೇಲೆ ಒಂದೊಂದೇ ಹಂತ ಏರಿಸಿ. ಅಂಕಿಗಳು ತುಂಬಿದ ಭಾಗ ಬಂದಾಗ ಮತ್ತೆ 1ಕ್ಕೆ ಇಳಿಯಿರಿ.

ದನಿಯ ಮಟ್ಟದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ವಯಸ್ಕರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಗದ್ದಲದ ನಡುವೆ ದನಿ ಏರಿಸುತ್ತಾ ಹೋಗುವುದಕ್ಕಿಂತ ಹೊರಗಿನ ಸದ್ದು ತಡೆಯುವ ಇಯರ್‌ಫೋನ್ ಒಳ್ಳೆಯದು.

ನಿಲ್ಲಿಸುವ ಅಭ್ಯಾಸ

ಬುಕ್‌ಮಾರ್ಕ್ ಗುಂಡಿ ಎಲ್ಲಿದೆ ಎಂದು ನೋಡದೆಯೇ ಬೆರಳಿಗೆ ಸಿಗುವಂತಿರಬೇಕು. ಹಿಂದಕ್ಕೆ ಹಾರುವ ಗುಂಡಿಯನ್ನು 15 ಸೆಕೆಂಡಿಗೆ ಹೊಂದಿಸಿ. 30 ಇಟ್ಟರೆ ಕೇಳಿದ್ದನ್ನೇ ಬಹಳ ಕೇಳಬೇಕಾಗಿ, ಬೇಸತ್ತು ಗುಂಡಿ ಒತ್ತುವುದನ್ನೇ ಬಿಟ್ಟುಬಿಡುತ್ತೇವೆ.

ಅಧ್ಯಾಯ ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುತ್ತದೆ. ಅಲ್ಲಿ ನಿಲ್ಲಿಸಿ. ಆಗಷ್ಟೇ ಕೇಳಿದ್ದನ್ನು ಒಂದು ನಿಮಿಷ ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ, ಗಟ್ಟಿಯಾಗಿ ಹೇಳಿದರೆ ಇನ್ನೂ ಒಳ್ಳೆಯದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ಬಳಿಕ ಚಿತ್ರ ತಿರುಗಿಬಿತ್ತು. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಹೇಳಿನೋಡಿದವರಲ್ಲೇ ಹೆಚ್ಚು ಉಳಿದಿತ್ತು. ಇಡೀ ಲೇಖನದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಇತಿಹಾಸ: ಕೊಂಡಿಯ ಬಳಿ

ಕಿವಿ ಘಟನೆಯನ್ನು ಹಿಡಿಯುತ್ತದೆ, ಅನುಕ್ರಮವನ್ನು ಕಳೆದುಕೊಳ್ಳುತ್ತದೆ. ಮೊದಲ ಮಹಾಯುದ್ಧದ ಯಾವ ಪುಸ್ತಕ ಕೇಳಿದರೂ 1914ರ ಬೇಸಿಗೆಯಲ್ಲಿ ಕೇಳುಗರು ದಾರಿ ತಪ್ಪುತ್ತಾರೆ. ದೇಶಗಳು, ರಾಜರು, ರಾಯಭಾರಿಗಳು ಒಟ್ಟಿಗೆ ಮುಗಿಬೀಳುತ್ತಾರೆ. ಒಂದು ಚೀಟಿಯಲ್ಲಿ ಇಷ್ಟು ಬರೆದಿಟ್ಟುಕೊಂಡರೆ ಸಾಕು: ಜೂನ್ 28, ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆ. ಜುಲೈ 23, ಸರ್ಬಿಯಾಕ್ಕೆ ಆಸ್ಟ್ರಿಯಾ-ಹಂಗೆರಿಯ ಅಂತಿಮ ಎಚ್ಚರಿಕೆ. ಜುಲೈ 28, ಯುದ್ಧ ಘೋಷಣೆ. ಆಗಸ್ಟ್ 1, ರಷ್ಯಾದ ಮೇಲೆ ಜರ್ಮನಿ. ಆಗಸ್ಟ್ 3, ಫ್ರಾನ್ಸ್ ಮೇಲೆ ಜರ್ಮನಿ. ಆಗಸ್ಟ್ 4, ಬ್ರಿಟನ್ ಕಣಕ್ಕೆ. ಆರು ಸಾಲು. ಇದು ಕಣ್ಣಮುಂದಿದ್ದರೆ ಹತ್ಯೆಗೂ ಎಚ್ಚರಿಕೆಗೂ ನಡುವೆ ಮೂರು ವಾರಕ್ಕೂ ಹೆಚ್ಚು ಅಂತರ ಯಾಕಾಯಿತು ಎಂಬ ಪ್ರಶ್ನೆ ನಿಮ್ಮಲ್ಲೇ ಏಳುತ್ತದೆ. ಆ ಪ್ರಶ್ನೆ ಇಟ್ಟುಕೊಂಡು ಕೇಳುವವರಿಗೂ ಸುಮ್ಮನೆ ಕೇಳುವವರಿಗೂ ಸಿಗುವ ಇತಿಹಾಸವೇ ಬೇರೆ.

‘ಅದರ ಪರಿಣಾಮವಾಗಿ’, ‘ಆದ್ದರಿಂದಲೇ’ ಎಂಬ ಮಾತು ಬಂದಲ್ಲೆಲ್ಲ ನಿಲ್ಲಿಸಿ. ಅದಾದ ಮೇಲೆ ಇದು ನಡೆಯಿತು ಎಂದರೆ ಅದರಿಂದಲೇ ಇದು ನಡೆಯಿತು ಎಂದೇನೂ ಅಲ್ಲ. ಲೇಖಕರು ಯಾವ ಸಾಕ್ಷ್ಯ ಕೊಟ್ಟರು? ಆಕರಗಳನ್ನು ಹೇಳುವ ಟಿಪ್ಪಣಿಗಳು ಸಾಮಾನ್ಯವಾಗಿ ಆಡಿಯೊದಲ್ಲಿ ಇರುವುದೇ ಇಲ್ಲ. ಅಚ್ಚರಿ ಹುಟ್ಟಿಸುವ ಮಾತು ಕೇಳಿದರೆ ಬುಕ್‌ಮಾರ್ಕ್ ಹಾಕಿ, ಗ್ರಂಥಾಲಯದ ಪ್ರತಿಯಲ್ಲಿ ಆ ಟಿಪ್ಪಣಿ ಹುಡುಕಿ.

ಜೀವನಚರಿತ್ರೆ: ಮನದ ಮಾತು ಬಂದಾಗ

ಇದು ಕಿವಿಗೆ ಹೇಳಿಮಾಡಿಸಿದ ಬಗೆ, ನಿಲ್ಲಿಸಬೇಕಾದ ಸಂದರ್ಭ ಕಡಿಮೆ. ‘ಆ ರಾತ್ರಿ ಅವರು ಹೀಗೆ ಯೋಚಿಸಿದರು’ ಎಂದು ದನಿ ಹೇಳಿದಾಗ ಮಾತ್ರ ತಡೆಯಿರಿ. ಅದು ಲೇಖಕರಿಗೆ ಹೇಗೆ ಗೊತ್ತು? ಅಂದೇ ಬರೆದ ಪತ್ರದಿಂದಲೇ, ಎಷ್ಟೋ ವರ್ಷದ ಬಳಿಕದ ಸಂದರ್ಶನದಿಂದಲೇ, ಊಹೆಯೇ?

ಆತ್ಮಕಥೆಯನ್ನು ಬರೆದವರೇ ಓದಿದರೆ ಅದರ ಸೊಗಸೇ ಬೇರೆ. ಬರಾಕ್ ಒಬಾಮಾ ತಮ್ಮ ಪುಸ್ತಕಗಳನ್ನು ತಾವೇ ಓದಿ 2006 ಮತ್ತು 2008ರಲ್ಲಿ ಗ್ರ್ಯಾಮಿ ಪಡೆದರು. ಆದರೆ ಸ್ವಂತ ದನಿಯಲ್ಲಿ ಹೇಳಿದ್ದೆಲ್ಲ ನಿಜವೆಂದೇ ಅನ್ನಿಸಿಬಿಡುತ್ತದೆ. ಆದ್ದರಿಂದ ಆತ್ಮಕಥೆ ಮುಗಿದ ಮೇಲೆ ಅದೇ ವ್ಯಕ್ತಿಯ ಬಗ್ಗೆ ಇನ್ನೊಬ್ಬರು ಬರೆದದ್ದನ್ನೂ ಕೇಳಿ. ಎರಡೂ ಒಂದೇ ಘಟನೆಗೆ ಬಂದಾಗ ಯಾವುದು ಏನನ್ನು ಬಿಟ್ಟಿದೆ ಎಂದು ಹೋಲಿಸಿ.

ವ್ಯವಹಾರ: ಸೂತ್ರ ಕೇಳಿದಾಗ

ಗೆದ್ದ ಕಂಪನಿಗಳನ್ನು ಆರಿಸಿ, ಅವುಗಳಲ್ಲಿ ಸಮಾನವಾದದ್ದನ್ನು ಹುಡುಕಿ, ಅದೇ ಗೆಲುವಿನ ಗುಟ್ಟು ಎನ್ನುವುದು ಈ ಪುಸ್ತಕಗಳ ಹಳೆಯ ರೂಢಿ. ಅದೇ ಗುಟ್ಟನ್ನು ಪಾಲಿಸಿ ಸೋತವರು ಎಣಿಕೆಗೇ ಸಿಗುವುದಿಲ್ಲ. ಎರಡನೆಯ ಮಹಾಯುದ್ಧದ ವೇಳೆ ಅಮೆರಿಕದಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಯುದ್ಧವಿಮಾನಗಳ ವಿಷಯದಲ್ಲಿ ಎದುರಿಸಿದ ಪ್ರಶ್ನೆಯೂ ಇದೇ: ಲೆಕ್ಕಕ್ಕೆ ಸಿಗುವುದು ಹಿಂದಿರುಗಿದ ವಿಮಾನಗಳ ಗುಂಡೇಟುಗಳು ಮಾತ್ರ, ಬಿದ್ದುಹೋದ ವಿಮಾನಗಳಿಗೆ ಎಲ್ಲಿ ಪೆಟ್ಟಾಗಿತ್ತು?

2001ರಲ್ಲಿ ಬಂದ ಬಹಳ ಜನಪ್ರಿಯ ವ್ಯವಹಾರ ಪುಸ್ತಕವೊಂದು ಮೆಚ್ಚಿ ಬರೆದ ಕಂಪನಿಗಳಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಮಾರುತ್ತಿದ್ದ ಅಮೆರಿಕದ ಸರ್ಕಿಟ್ ಸಿಟಿಯೂ ಒಂದು. 2008ರ ನವೆಂಬರ್‌ನಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, ಮರುವರ್ಷ ಅದರ ಅಂಗಡಿಗಳು ಮುಚ್ಚಿದವು. ಹಾಗೆಂದು ಆ ಪುಸ್ತಕದಲ್ಲಿ ಹುರುಳಿಲ್ಲ ಎಂದಲ್ಲ. ಸೂತ್ರವೊಂದು ಕೇಳಿದ ಕೂಡಲೇ ನಿಲ್ಲಿಸಿ ಮೂರು ಪದದ ಮುಂದೆ ಒಂದೊಂದು ಸಾಲು ಬರೆಯಿರಿ: ಹೇಳಿಕೆ, ಸಾಕ್ಷ್ಯ, ಷರತ್ತು. ಷರತ್ತಿನ ಮುಂದೆ ಬರೆಯಲು ಏನೂ ಸಿಗದಿದ್ದರೆ, ಅಂದರೆ ಆ ಸಲಹೆ ಯಾವ ಗಾತ್ರದ, ಯಾವ ಕಾಲದ, ಯಾರ ವ್ಯವಹಾರಕ್ಕೆ ಸಲ್ಲುತ್ತದೆ ಎಂದು ಲೇಖಕರು ಹೇಳದಿದ್ದರೆ, ಅದನ್ನು ನಿಮ್ಮ ದುಡ್ಡಿನ ಮೇಲೆ ಪ್ರಯೋಗಿಸುವ ಮುನ್ನ ಎರಡು ಸಲ ಯೋಚಿಸಿ.

ಅನೇಕ ವ್ಯವಹಾರ ಪುಸ್ತಕಗಳ ತಿರುಳು ಮೊದಲ ಎರಡು ಅಧ್ಯಾಯಗಳಲ್ಲೇ ಮುಗಿದು, ಉಳಿದದ್ದೆಲ್ಲ ಉದಾಹರಣೆಯಾಗಿರುತ್ತದೆ. ಹಾಗನ್ನಿಸಿದರೆ ಅರ್ಧಕ್ಕೇ ಬಿಡಿ.

ಮನವೊಲಿಕೆ: ನೀವು ತಲೆಯಾಡಿಸಿದಾಗ

ನಾಲ್ಕರಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಮನವೊಲಿಕೆಯ ಪುಸ್ತಕ ಕೇಳುವಾಗ ನಿಮ್ಮ ಮೇಲೇ ಆ ಕಲೆಯ ಪ್ರಯೋಗ ನಡೆದಿರುತ್ತದೆ, ಅದೂ ಆತ್ಮೀಯವಾದ ದನಿಯಲ್ಲಿ, ಕಿವಿಯೊಳಗೇ. ಮಾತಿನ ಬಲಕ್ಕೆ ಅರಿಸ್ಟಾಟಲ್ ಮೂರು ಮೂಲ ಹೇಳಿದ: ಮಾತಾಡುವವರ ಮೇಲಿನ ವಿಶ್ವಾಸ, ಕೇಳುವವರ ಭಾವನೆ, ವಾದದ ತರ್ಕ. ‘ಹೌದು, ಸರಿ’ ಎಂದು ತಲೆಯಾಡಿಸಿದ ಕ್ಷಣದಲ್ಲೇ ನಿಲ್ಲಿಸಿ, ಈಗ ಒಪ್ಪಿಸಿದ್ದು ಈ ಮೂರರಲ್ಲಿ ಯಾವುದು ಎಂದು ಗುರುತಿಸಿ. ಒಂದು ಪುಸ್ತಕದಲ್ಲಿ ಇದನ್ನು ಮಾಡಿದವರಿಗೆ ಆಮೇಲೆ ಜಾಹೀರಾತು, ಭಾಷಣಗಳಲ್ಲೂ ಅದೇ ಕಾಣತೊಡಗುತ್ತದೆ.

ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವೆಂದು ತೋರುವ ಸಾಧ್ಯತೆ ಹೆಚ್ಚುತ್ತದೆ. 1977ರಲ್ಲೇ ಪ್ರಯೋಗದಲ್ಲಿ ಕಂಡದ್ದು ಇದು. ಪ್ರತಿ ಅಧ್ಯಾಯದ ಕೊನೆಗೆ ಸಾರಾಂಶ ಕೊಡುವ ಪುಸ್ತಕಗಳಲ್ಲಿ ಇದನ್ನು ನೆನಪಿಡಿ. ‘ಅಧ್ಯಯನವೊಂದರ ಪ್ರಕಾರ’ ಎಂಬ ಮಾತನ್ನೂ ಹಾಗೇ ನುಂಗಬೇಡಿ. ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೊಮ್ಮೆ ನಡೆಸಿ ನೋಡಿದ ಯೋಜನೆಯೊಂದರ ಫಲಿತಾಂಶ 2015ರಲ್ಲಿ ಹೊರಬಂತು. ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಮತ್ತೆ ಗೆದ್ದದ್ದು ಶೇಕಡ 36 ಮಾತ್ರ. ಅದಕ್ಕಿಂತ ಹಿಂದಿನ ಪುಸ್ತಕ ಕೇಳುತ್ತಿದ್ದರೆ ಅದರ ಮುಖ್ಯ ಪ್ರಯೋಗ ಆಮೇಲೆ ನಿಂತಿತೇ ಬಿದ್ದಿತೇ ಎಂದು ಹುಡುಕಿ ನೋಡಿ.

ಕಲಿತದ್ದನ್ನು ಬಳಸುವಾಗ ಒಂದು ವಾರಕ್ಕೆ ಒಂದೇ ತಂತ್ರ ಸಾಕು, ಅದೂ ಎದುರಿನವರಿಗೆ ಮುಚ್ಚುಮರೆಯಿಲ್ಲದೆ ಹೇಳಬಹುದಾದಂಥದ್ದು.

ಎರಡನೆಯ ಸಲ

ಪುಸ್ತಕ ಮುಗಿದು ಒಂದು ವಾರ ಬಿಟ್ಟು ಬುಕ್‌ಮಾರ್ಕ್‌ಗಳ ಪಟ್ಟಿ ತೆರೆಯಿರಿ. ಪ್ರತಿ ಗುರುತಿನ ಮುಂದೆ, ಮತ್ತೆ ಕೇಳದೆ, ಅಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಿ. ನೆನಪಾದದ್ದನ್ನು ಅಳಿಸಿ. ನೆನಪಾಗದ್ದನ್ನು ಮಾತ್ರ, ಒಂದೆರಡು ನಿಮಿಷ ಹಿಂದಿನಿಂದ, ಸಹಜ ವೇಗದಲ್ಲಿ ಕೇಳಿ. ಗುರುತುಗಳು ಒಂದೇ ಅಧ್ಯಾಯದಲ್ಲಿ ಗುಂಪಾಗಿದ್ದರೆ ಆ ಪುಸ್ತಕದ ಅಚ್ಚಾದ ಪ್ರತಿಯನ್ನು ತರಿಸಿಕೊಂಡು ಆ ಒಂದು ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ.