ಸೀಲ್ ದವಡೆ ಬಂತಾ?

ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ, ಸೀಲ್ ದವಡೆ ಬಂತಾ ಅಂತ ಫೋನ್ ಮಾಡಿ ವಿಚಾರಿಸುವುದು ಅನ್ನುತ್ತೇನೆ. ನಗುತ್ತಾರೆ. ಆದರೆ ನನ್ನ ದಿನದ ಅರ್ಧ ಹೋಗುತ್ತಿದ್ದದ್ದು ಅದರಲ್ಲೇ.

ಕೆನಡಾದ ಉತ್ತರ ತುದಿಯ ಗಾಳಿ, ಮೀನು, ಸೀಲ್ ಅನ್ನುವ ಕಡಲಪ್ರಾಣಿ, ಹಕ್ಕಿ ಮೊಟ್ಟೆ, ಜೊತೆಗೆ ಅಲ್ಲಿನ ಜನರ ರಕ್ತ, ಇವುಗಳಲ್ಲಿ ಎಷ್ಟು ವಿಷ ಸೇರಿದೆ ಅಂತ ನೋಡುವ ರಾಷ್ಟ್ರೀಯ ಕಾರ್ಯಕ್ರಮವೊಂದಿದೆ. ಹೆಸರು ನಾರ್ದರ್ನ್ ಕಂಟಾಮಿನಂಟ್ಸ್ ಪ್ರೋಗ್ರಾಂ, ಶುರುವಾದದ್ದು 1991ರಲ್ಲಿ. ಅದಕ್ಕೆ ಬರುವ ಮಾದರಿಗಳನ್ನೂ ಅಂಕಿಗಳನ್ನೂ ಹೊಂದಿಸುವ ಕೆಲಸದಲ್ಲಿ ನಾನು ಕೆಲವು ವರ್ಷ ಇದ್ದೆ.

ದವಡೆ ಯಾಕೆ ಅಂದರೆ, ಸೀಲ್‌ಗೆ ವಯಸ್ಸಾದಷ್ಟೂ ಅದರ ಲಿವರ್‌ನಲ್ಲಿ ಪಾದರಸ ಜಾಸ್ತಿಯಾಗುತ್ತದೆ. ಹೋದ ವರ್ಷ ಮರಿಗಳು, ಈ ವರ್ಷ ಮುದಿ ಸೀಲ್‌ಗಳು ಸಿಕ್ಕರೆ ಪಾದರಸ ಏರಿದ ಹಾಗೆ ಕಾಣುತ್ತದೆ. ನಿಜವಾಗಿ ಏನೂ ಏರಿರುವುದಿಲ್ಲ. ವಯಸ್ಸು ತಿಳಿಯಲು ಕೆಳದವಡೆಯ ಕೋರೆಹಲ್ಲನ್ನು ತೆಳ್ಳಗೆ ಸೀಳಿ, ಮರದ ಕಾಂಡದಲ್ಲಿ ಎಣಿಸುವ ಹಾಗೆ ಪದರ ಎಣಿಸಬೇಕು. ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಬೇಟೆಗಾರರಿಗೆ ನಾವು ಕಳಿಸುತ್ತಿದ್ದ ಕಿಟ್‌ನಲ್ಲಿ ಲಿವರ್, ಮಾಂಸ, ಕೊಬ್ಬಿಗೆ ಒಂದೊಂದು ಚೀಲ, ದವಡೆಗೆ ಇನ್ನೊಂದು. ಜೊತೆಗೆ ಪೆನ್ಸಿಲ್. ಪೆನ್ ಆ ಚಳಿಯಲ್ಲಿ ಬರೆಯುವುದಿಲ್ಲ, ಮಾರ್ಕರ್ ಒದ್ದೆ ಪ್ಲಾಸ್ಟಿಕ್ ಮೇಲೆ ಅಳಿಸಿಹೋಗುತ್ತದೆ. ಇದನ್ನು ನಮಗೆ ಕಲಿಸಿದ್ದು ಬೇಟೆಗಾರರೇ.

ಈ ಕಾರ್ಯಕ್ರಮ ಹುಟ್ಟಿದ ಕಥೆ ವಿಚಿತ್ರ. 1980ರ ದಶಕದಲ್ಲಿ ಕ್ವಿಬೆಕ್‌ನ ವೈದ್ಯ ಎರಿಕ್ ದೆವಾಯಿ ತಾಯಂದಿರ ಎದೆಹಾಲು ಪರೀಕ್ಷಿಸುತ್ತಿದ್ದರು. ಹೋಲಿಸಿ ನೋಡಲು ಶುದ್ಧ ಹಾಲು ಬೇಕಿತ್ತು. ಕಾರ್ಖಾನೆಗಳಿಂದ ದೂರ ಇರುವ ಇನುಯಿಟ್ ತಾಯಂದಿರದ್ದು ಶುದ್ಧ ಇರುತ್ತದೆ ಅಂದುಕೊಂಡರು. ಬಂದ ಉತ್ತರ ಉಲ್ಟಾ. ಪಿಸಿಬಿ ಅನ್ನುವ ಕಾರ್ಖಾನೆ ರಾಸಾಯನಿಕ ದಕ್ಷಿಣದ ತಾಯಂದಿರಿಗಿಂತ ಸುಮಾರು ಐದು ಪಟ್ಟು ಜಾಸ್ತಿ! ಬೆಚ್ಚಗಿನ ನಾಡಿನಲ್ಲಿ ಆವಿಯಾದ ರಾಸಾಯನಿಕ ಗಾಳಿಯಲ್ಲಿ ಹೋಗಿ ತಣ್ಣಗಿನ ಕಡೆ ಇಳಿಯುತ್ತದೆ. ಸಣ್ಣ ಜೀವಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಊಟದ ತಟ್ಟೆಗೆ ಬರುವಷ್ಟರಲ್ಲಿ ಎಷ್ಟೋ ಪಟ್ಟು ಕೂಡಿರುತ್ತದೆ.

ನನ್ನದು ಪುತ್ತೂರು ಕಡೆ. ಅಲರ್ಟ್ ಅನ್ನುವ ಜಾಗದ ಗಾಳಿಯ ಅಂಕಿಗಳನ್ನು ಮೊದಲ ಸಲ ತೆರೆದಾಗ ಪಟ್ಟಿಯಲ್ಲಿ ಒಂದು ಹೆಸರು ನೋಡಿ ಕೈ ನಿಂತಿತು. ಎಂಡೋಸಲ್ಫಾನ್, ನಮ್ಮ ಕಡೆ ಗೇರುತೋಟಗಳಿಗೆ ಹೊಡೆಯುತ್ತಿದ್ದ ಕೀಟನಾಶಕ. ಅಲರ್ಟ್ ಇರುವುದು 82 ಡಿಗ್ರಿ ಉತ್ತರದಲ್ಲಿ. ಅಲ್ಲಿ ಹೊಲವಿಲ್ಲ, ತೋಟವಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. "ಎಂತದು ಮಾರಾಯಾ, ಅಷ್ಟು ದೂರಕ್ಕೂ ಹೋಯಿತಾ?" ಅಂದರು. ಗೇರುಗುಡ್ಡೆಗೆ ಹೆಲಿಕಾಪ್ಟರ್ ಬಂದಾಗ ಬಾವಿಗೆ ಮಡಲು ಮುಚ್ಚಿ ಒಳಗೆ ಕೂರುತ್ತಿದ್ದದ್ದು ಅವರಿಗೆ ಇನ್ನೂ ನೆನಪಿದೆ. ಅಲರ್ಟ್‌ಗೆ ಬಂದದ್ದು ನಮ್ಮ ಗುಡ್ಡೆಯದೇ ಅಂತ ಹೇಳಲು ಬರುವುದಿಲ್ಲ, ಜಗತ್ತಿನ ಎಷ್ಟೋ ಕಡೆ ಅದನ್ನು ಹೊಡೆಯುತ್ತಿದ್ದರು. ಆದರೆ ಎಂಡೋಸಲ್ಫಾನ್ ಆರ್ಕ್ಟಿಕ್‌ವರೆಗೂ ಹೋಗುತ್ತದೆ ಅನ್ನುವುದು, ವಿಷ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಚರ್ಚೆಯಲ್ಲಿ ದೊಡ್ಡ ಸಾಕ್ಷಿಯಾಯಿತು. 2011ರ ಏಪ್ರಿಲ್‌ನಲ್ಲಿ ಅದು ನಿಷೇಧದ ಪಟ್ಟಿ ಸೇರಿತು. ಮರುತಿಂಗಳೇ ನಮ್ಮ ಸುಪ್ರೀಂ ಕೋರ್ಟೂ ತಡೆ ಹಾಕಿತು.

ಒಂದು ವರ್ಷ ನಾವೇ ಮೋಸ ಹೋದೆವು. ಒಂದು ಜಾಗದ ಮೀನಿನಲ್ಲಿ ಒಂದು ರಾಸಾಯನಿಕದ ಗ್ರಾಫ್ ಗೆರೆ ಥಟ್ಟನೆ ಕೆಳಗಿಳಿಯಿತು. ಎಲ್ಲರಿಗೂ ಖುಷಿ. ವರದಿಯ ಕರಡಿನಲ್ಲಿ "ಗಮನಾರ್ಹ ಇಳಿಕೆ" ಅಂತ ನಾನೇ ಬರೆದೆ. ನನಗಿಂತ ಹಿರಿಯರೊಬ್ಬರು ಗೆರೆಯನ್ನೇ ನೋಡುತ್ತಾ ಕೂತು, "ಮೀನು ಹೀಗೆ ಮೆಟ್ಟಿಲು ಇಳಿಯುವುದಿಲ್ಲ" ಅಂದರು. ವಿಚಾರಿಸಿದರೆ ಆ ವರ್ಷ ಲ್ಯಾಬ್ ಬದಲಾಗಿತ್ತು, ಕೊಬ್ಬು ತೆಗೆಯುವ ವಿಧಾನವೂ ಬದಲಾಗಿತ್ತು. ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಫ್ರೀಜರ್‌ನಲ್ಲಿದ್ದ ಹಿಂದಿನ ವರ್ಷಗಳ ತುಂಡುಗಳನ್ನು ಹೊಸ ಲ್ಯಾಬ್‌ನಲ್ಲಿ ಮತ್ತೆ ಅಳೆಸಿದೆವು. ಇಳಿಕೆ ಮಾಯ. ಆಮೇಲೆ ನಾನು ಹಟ ಹಿಡಿದೆ. ಯಾವ ಲ್ಯಾಬ್ ಬದಲಾದರೂ ಹಳೆಯದು, ಹೊಸದು ಎರಡರಲ್ಲೂ ಅದೇ ಮಾದರಿ ಒಮ್ಮೆ ಅಳೆಯಲೇಬೇಕು. ಖರ್ಚು ಜಾಸ್ತಿ ಅಂತ ಗೊಣಗಿದರು. ಗೊಣಗಲಿ. ವರದಿ ಅಚ್ಚಿಗೆ ಹೋಗಿದ್ದರೆ ಏನು ಗತಿ?

ಜನರ ಆರೋಗ್ಯದ ವಿಷಯ ಇದಕ್ಕಿಂತ ಸೂಕ್ಷ್ಮ. ಮೀನು ತನ್ನ ಅಂಕಿ ಕೇಳಲು ಬರುವುದಿಲ್ಲ, ಜನ ಬರುತ್ತಾರೆ. 2007 ಮತ್ತು 2008ರಲ್ಲಿ ಅಮುಂಡ್ಸೆನ್ ಅನ್ನುವ ಹಡಗು ಊರಿಂದೂರಿಗೆ ಹೋಗಿ ಇನುಯಿಟ್ ಆರೋಗ್ಯ ಸಮೀಕ್ಷೆ ಮಾಡಿತು. ಅದರ ಆಧಾರದ ಮೇಲೆ ಕೆನಡಾದ ಉತ್ತರದ ನೂನಾವುಟ್ ಪ್ರದೇಶದಲ್ಲಿ 2012ರಲ್ಲಿ ಸಲಹೆ ಬಂತು: ಬಸುರಿಯರು, ಮುಂದೆ ಮಗು ಬೇಕೆನ್ನುವವರು ರಿಂಗ್ಡ್ ಸೀಲ್‌ನ ಲಿವರ್ ಬಿಡಿ, ಮಾಂಸ ತಿನ್ನಿ.

ಎಷ್ಟು ಚಿಕ್ಕ ಮಾತು, ಅಲ್ವಾ? ಅದನ್ನು ಹೇಳುವುದು ಎಷ್ಟು ಕಷ್ಟ ಅಂತ ಒಂದು ಊರಿನ ಹಾಲ್‌ನಲ್ಲಿ ಗೊತ್ತಾಯಿತು. ನಾನು ಗ್ರಾಫ್ ತೋರಿಸುತ್ತಿದ್ದೆ. ಅಜ್ಜಿಯೊಬ್ಬರು ಕೈ ಎತ್ತಿ ಇನುಕ್ಟಿಟುಟ್‌ನಲ್ಲಿ ಏನೋ ಕೇಳಿದರು. ದುಭಾಷಿ ಎರಡೇ ಮಾತಲ್ಲಿ ಹೇಳಿದರು: "ತಿನ್ನಬೇಕಾ, ಬೇಡವಾ?" ನನ್ನ ನಲವತ್ತು ಸ್ಲೈಡ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದ ಆರೋಗ್ಯಾಧಿಕಾರಿ, "ನೀವು ತಿನ್ನಿ ಅಮ್ಮ, ಬಸುರಿ ಮೊಮ್ಮಗಳಿಗೆ ಲಿವರ್ ಬದಲು ಮಾಂಸ ಕೊಡಿ" ಅಂದರು. ಹಾಲ್‌ನಲ್ಲಿ ಉಸಿರು ಬಿಟ್ಟ ಸದ್ದು ಕೇಳಿಸಿತು. ಅಲ್ಲಿ ಅಂಗಡಿಯ ತರಕಾರಿ ಬರುವುದು ವಿಮಾನದಲ್ಲಿ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸುಮ್ನೆ ಹೆದರಿಸಿ ಸೀಲ್ ಬಿಡಿಸಿದರೆ ಆ ಮನೆಗಳಲ್ಲಿ ಚಿಪ್ಸ್, ಕೋಲಾ ಬರುತ್ತವೆ. ಆಮೇಲಿಂದ ನನ್ನ ಮೊದಲ ಸ್ಲೈಡ್ ಯಾವಾಗಲೂ ಆ ಉತ್ತರವೇ. ಅದನ್ನು ಮೊದಲು ಆ ಪ್ರದೇಶದ ಸಮಿತಿ ಮತ್ತು ಆರೋಗ್ಯ ಇಲಾಖೆ ನೋಡಿ ಒಪ್ಪಬೇಕು. ಇದರಿಂದ ಕೆಲಸ ನಿಧಾನವಾಗುತ್ತದೆ. ಆಗಲಿ.

ಕೆಲಸ ಬಿಡುವ ಮುಂಚಿನ ಕೊನೆಯ ಜಗಳ ಮೊಟ್ಟೆಯದ್ದು. ಪ್ರಿನ್ಸ್ ಲಿಯೊಪೋಲ್ಡ್ ದ್ವೀಪದ ಕಡಲಹಕ್ಕಿಗಳ ಮೊಟ್ಟೆಗಳನ್ನು 1975ರಿಂದ ಸಂಗ್ರಹಿಸುತ್ತಾ ಬಂದಿದ್ದಾರೆ. ಅರೆದು ತಣ್ಣಗಿಟ್ಟ ಆ ಮೊಟ್ಟೆಗಳಿಂದಲೇ ಆಗ ಯಾರೂ ಹಕ್ಕಿಗಳಲ್ಲಿ ಹುಡುಕದಿದ್ದ, ನಾನ್‌ಸ್ಟಿಕ್ ಪಾತ್ರೆಗಳಂಥವುಗಳಲ್ಲಿ ಬಳಸುವ ಪಿಎಫ್‌ಎಎಸ್‌ನಂಥ ರಾಸಾಯನಿಕಗಳ ಹಳೇ ಲೆಕ್ಕ ತೆಗೆದದ್ದು. ಹಾಗಾಗಿ ಎಲ್ಲರಿಗೂ ಅದು ಬೇಕು. ಇಬ್ಬರು ಒಂದೇ ವಾರ ಅರ್ಜಿ ಹಾಕಿದರು. ಬಾಟಲಿಯಲ್ಲಿದ್ದದ್ದು ಒಬ್ಬರಿಗೆ ಸಾಕಾಗುವಷ್ಟು. ಮೂರು ಮೀಟಿಂಗ್ ಮಾಡಿದೆವು. ಕೊನೆಗೆ ಇಬ್ಬರಿಗೂ ಇಲ್ಲ ಅಂದೆವು. ಒಬ್ಬರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.